ಎರಡೂ ಸರಿ ಇದ್ದಾಗ ಯಾವುದನ್ನು ಬರೆಯೋದು?

ಎಲ್ಲರಿಗೂ ನಮಸ್ಕಾರ.

ಇಂಗ್ಲಿಷ್ ಪಾಠ ಮಾಡುವ ನಮಗೆಲ್ಲ ಪದೇ ಪದೇ ಬರುವ ಪ್ರಶ್ನೆ ಒಂದೇ: 'ಈ ಎರಡರಲ್ಲಿ ಯಾವುದು ಸರಿ?' ಎಷ್ಟೋ ಸಲ ಉತ್ತರ 'ಎರಡೂ ಸರಿ'. ಕೇಳಿದವರ ಮುಖ ಬಾಡುತ್ತದೆ. ಆದರೆ ಕೆಲಸ ಶುರುವಾಗುವುದೇ ಅಲ್ಲಿಂದ.

'ಐ ಗೇವ್ ಹರ್ ದ ಬುಕ್', 'ಐ ಗೇವ್ ದ ಬುಕ್ ಟು ಹರ್'. 'ಅವಳಿಗೆ ಏನು ಕೊಟ್ಟೆ?' ಅಂದರೆ ಮೊದಲನೆಯದು ಒಪ್ಪುತ್ತದೆ. 'ಪುಸ್ತಕ ಯಾರಿಗೆ ಕೊಟ್ಟೆ?' ಅಂದರೆ ಎರಡನೆಯದು. ಇಂಗ್ಲಿಷಿನಲ್ಲಿ ಹೊಸ ವಿಷಯ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತದೆ. ಕನ್ನಡದಲ್ಲಿ ಅದರ ಜಾಗ ಕ್ರಿಯಾಪದಕ್ಕೆ ಸ್ವಲ್ಪ ಮುಂಚೆ. 'ಅವಳಿಗೆ ಪುಸ್ತಕ ಕೊಟ್ಟೆ', 'ಪುಸ್ತಕ ಅವಳಿಗೆ ಕೊಟ್ಟೆ'. ಇವೆರಡರಲ್ಲಿ ಯಾವುದು ಸರಿ ಅಂತ ಯಾರಾದರೂ ಕೇಳುತ್ತಾರಾ? ಸಂದರ್ಭ ನೋಡಿ ತಾನಾಗಿ ಬಾಯಿಗೆ ಬರುತ್ತದೆ. ಆ ಕಿವಿ ನಮಗೆ ಇದ್ದೇ ಇದೆ. ಇಂಗ್ಲಿಷ್ ಎದುರಾದ ಕೂಡಲೇ ಯಾಕೆ ಮುಚ್ಚಿಕೊಳ್ಳಬೇಕು?

ಈಗ ನನಗೆ ತುಂಬಾ ಇಷ್ಟದ ಕಥೆ. ಎಣಿಸುವುದಕ್ಕೆ 'ಫ್ಯೂಅರ್', ಅಳೆಯುವುದಕ್ಕೆ 'ಲೆಸ್' ಅಂತ ನಾವೆಲ್ಲ ಉರು ಹೊಡೆದವರು, ಅಲ್ವಾ? 1770ರಲ್ಲಿ ರಾಬರ್ಟ್ ಬೇಕರ್ ಎಂಬ ಲೇಖಕ, 'ನೋ ಲೆಸ್ ದ್ಯಾನ್ ಎ ಹಂಡ್ರೆಡ್' ಅನ್ನುವುದಕ್ಕಿಂತ 'ನೋ ಫ್ಯೂಅರ್' ಅಂದರೆ ಚೆಂದ, ಹೆಚ್ಚು ಸರಿ ಅಂತ ತನಗೆ ಅನಿಸುತ್ತದೆ ಎಂದು ಬರೆದ. ಗಮನಿಸಿ, ತನಗೆ ಅನಿಸುತ್ತದೆ ಅಂತ! ಅದಕ್ಕೂ ಸುಮಾರು 900 ವರ್ಷ ಹಿಂದೆ, ಇಂಗ್ಲೆಂಡಿನ ರಾಜ ಆಲ್ಫ್ರೆಡ್‌ನ ಕಾಲದಲ್ಲೇ, ಎಣಿಸುವ ಮಾತಿಗೂ 'ಲೆಸ್' ಬಳಕೆಯಲ್ಲಿತ್ತು. ಆಮೇಲೆ ಬಂದವರು 'ಅನಿಸುತ್ತದೆ'ಯನ್ನು ಬಿಟ್ಟರು, ನಿಯಮವನ್ನು ಇಟ್ಟುಕೊಂಡರು. ಪರೀಕ್ಷೆಯಲ್ಲಿ, ಅರ್ಜಿಯಲ್ಲಿ 'ಫ್ಯೂಅರ್ ಬುಕ್ಸ್' ಅಂತಲೇ ಬರೆಯಿರಿ. ಓದುವವರು ಅದನ್ನೇ ನಿರೀಕ್ಷಿಸುತ್ತಾರೆ. ಆದರೆ 'ಲೆಸ್ ದ್ಯಾನ್ ಫೈವ್ ಕಿಲೋಮೀಟರ್ಸ್' ಅಂತ ಮಗು ಬರೆದರೆ ದಯವಿಟ್ಟು ಕೆಂಪು ಗೆರೆ ಎಳೆಯಬೇಡಿ. ಅಲ್ಲಿ ಯಾರೂ ಕಿಲೋಮೀಟರುಗಳನ್ನು ಒಂದೊಂದಾಗಿ ಎಣಿಸುತ್ತಿಲ್ಲ. ದೂರ ಅಳೆಯುತ್ತಿದ್ದಾರೆ.

ವಾಕ್ಯದ ಕೊನೆಗೆ ಪ್ರಿಪೊಸಿಷನ್, ಅಂದರೆ 'ಟು', 'ವಿತ್' ಥರದ ಪದ, ಬರಬಾರದು ಅನ್ನುವುದೂ ಹೀಗೇ. 1672ರಲ್ಲಿ ಇಂಗ್ಲಿಷ್ ಕವಿ ಡ್ರೈಡನ್ ಹಾಗೆ ಕೊನೆಗೆ ಬರುವುದಕ್ಕೆ ಆಕ್ಷೇಪ ಎತ್ತಿದ. ಸ್ನೇಹಿತರ ಹತ್ತಿರ 'ಹೂ ಆರ್ ಯು ಟಾಕಿಂಗ್ ಟು?' ಅನ್ನಿ. ಅಲ್ಲಿ 'ಟು ಹೂಮ್ ಆರ್ ಯು ಟಾಕಿಂಗ್?' ಅಂತ ಕೇಳಿದರೆ ನಿಮ್ಮಿಬ್ಬರ ಮಧ್ಯೆ ಮೇಜು ತಂದು ಇಟ್ಟ ಹಾಗೆ.

ಸಮಯ ಆಯಿತು ಅಂತ ಚೀಟಿ ಬಂದಿದೆ. ಪ್ಯಾಸಿವ್ ವಾಯ್ಸ್, ಅಂದರೆ ಕರ್ಮಣಿ ಪ್ರಯೋಗದ ಬಗ್ಗೆ ಜಾಸ್ತಿ ಹೇಳಬೇಕು ಅಂತಿದ್ದೆ. ಒಂದೇ ಉದಾಹರಣೆ ಕೊಡುತ್ತೇನೆ. 'ದ ರೋಡ್ ವಾಸ್ ರಿಪೇರ್ಡ್ ಲಾಸ್ಟ್ ಇಯರ್' ಒಳ್ಳೆಯ ವಾಕ್ಯ. ರಸ್ತೆಯ ಬಗ್ಗೆ ಮಾತಾಡುವಾಗ ರಿಪೇರಿ ಮಾಡಿದವರು ಯಾರು ಅಂತ ಬೇಕಾಗಿಲ್ಲ. 'ಮಿಸ್ಟೇಕ್ಸ್ ವರ್ ಮೇಡ್' ಕೂಡ ಅದೇ ವ್ಯಾಕರಣ, ಒಂದು ತಪ್ಪೂ ಇಲ್ಲ. ಆದರೆ ಅಲ್ಲಿ ನಮಗೆ ಬೇಕಾಗಿದ್ದೇ ಮಾಡಿದವರ ಹೆಸರು.

ಹಿಂದಿನ ಸಾಲಿನಲ್ಲಿ ಯಾರೋ ಆಗಿನಿಂದ ಕೈ ಎತ್ತಿದ್ದಾರೆ. ಹೇಳಿ, ಕೇಳಿ.