ದಿನಾ ಓಡಾಡುವ ದಾರಿಯ ಫೋಟೋ

ಕೇಳುಗರಿಗೆ ನಮಸ್ಕಾರ.

ಮನೆಯಲ್ಲಿ ಹಳೇ ಆಲ್ಬಂ ಇದ್ದರೆ ಒಮ್ಮೆ ತೆಗೆದು ನೋಡಿ. ಮದುವೆ, ನಾಮಕರಣ, ಊಟಿ ಪ್ರವಾಸ, ಲಾಲ್‌ಬಾಗಿನ ಗಾಜಿನ ಮನೆ ಮುಂದೆ ಎಲ್ಲರೂ ಸಾಲಾಗಿ ನಿಂತದ್ದು, ಇವೆಲ್ಲ ಇದ್ದೇ ಇರುತ್ತವೆ. ಅಪ್ಪ ದಿನಾ ಬಸ್ಸಿಗೆ ಕಾಯುತ್ತಿದ್ದ ಸ್ಟಾಪು ಇದೆಯಾ? ಅಮ್ಮ ಸೀಮೆಎಣ್ಣೆಗೆ ಕ್ಯೂ ನಿಲ್ಲುತ್ತಿದ್ದ ಸೊಸೈಟಿ? ಇರುವುದಿಲ್ಲ. ಕಾರಣ ಸರಳ. ಒಂದು ರೀಲಿಗೆ 36 ಫೋಟೋ. ರೀಲಿಗೆ ದುಡ್ಡು, ತೊಳೆಸಲು ದುಡ್ಡು, ಪ್ರಿಂಟಿಗೆ ಮತ್ತೆ ದುಡ್ಡು. ಅದರಲ್ಲಿ ಒಂದನ್ನು ಬಸ್ ಸ್ಟಾಪಿಗೆ ಖರ್ಚು ಮಾಡಿದ್ದರೆ ಮನೆಯಲ್ಲಿ ಸುಮ್ನೆ ಬಿಡುತ್ತಿದ್ದರಾ?

ಈಗ ಕ್ಯಾಮೆರಾ ಜೇಬಲ್ಲೇ ಇದೆ, ಖರ್ಚೂ ಇಲ್ಲ. ಆದರೂ ನಾವು ತೆಗೆಯುವುದು ಹುಟ್ಟುಹಬ್ಬದ ಕೇಕು, ನಂದಿಬೆಟ್ಟದ ಮಂಜು, ಆಮೇಲೆ ನಮ್ಮದೇ ಮುಖ. ದಿನಾ ನಡೆಯುವ ರಸ್ತೆ ಈಗಲೂ ಆಲ್ಬಮ್ಮಿನ ಹೊರಗೇ ಉಳಿದಿದೆ.

ನಾನು ಬೆಂಗಳೂರಿನ ದಕ್ಷಿಣದ ಕಡೆ ಇರುವವನು. ಬೆಳಿಗ್ಗೆ ಗಾಂಧಿಬಜಾರ್ ದಾಟಿ, ನ್ಯಾಷನಲ್ ಕಾಲೇಜ್ ಸ್ಟೇಷನ್ನಿನಲ್ಲಿ ಮೆಟ್ರೋ ಹಿಡಿಯುತ್ತೇನೆ. ದಾರಿಯಲ್ಲಿ ಕಾಣುವುದೆಲ್ಲ ನಿಮಗೂ ಗೊತ್ತಿರುವುದೇ. ಹಾಲಿನ ಬೂತಿನ ಮುಂದೆ ಪೇರಿಸಿಟ್ಟ ಕ್ರೇಟುಗಳು. ಮರದ ಕೆಳಗೆ ಇಸ್ತ್ರಿ ಗಾಡಿ. ಅಲ್ಲಿ ಗಂಡ ಇಸ್ತ್ರಿಪೆಟ್ಟಿಗೆಗೆ ಕೆಂಡ ತುಂಬುತ್ತಿದ್ದರೆ ಹೆಂಡತಿ ಬಟ್ಟೆ ಎಣಿಸುತ್ತಿರುತ್ತಾಳೆ. ದರ್ಶಿನಿಯ ಮುಂದೆ ನಿಂತು ಬೈಟೂ ಕಾಫಿ ಹಂಚಿಕೊಳ್ಳುವವರು. ಸೇವಂತಿಗೆ ಮಾಲೆಯನ್ನು ಮೊಳ ಹಾಕುವ ಕೈ. ನಾನು ತೆಗೆಯುವುದು ಇವುಗಳನ್ನೇ.

ಫೋಟೋ ಕಲಿಸುವವರು ಒಂದು ಮಾತು ಹೇಳುತ್ತಾರೆ. ಹತ್ತಿರ ಹೋಗಿ, ಹಿಂದಿರುವುದನ್ನು ಮಸುಕು ಮಾಡಿ, ತಂತಿ, ಕಂಬ, ಬೋರ್ಡು ಬರದ ಹಾಗೆ ನೋಡಿಕೊಳ್ಳಿ ಅಂತ. ಮುಖದ ಫೋಟೋಗೆ ಅದು ಸರಿ. ದಿನದ ದಾರಿಯ ಫೋಟೋಗೆ ನಾನು ಅದರ ಉಲ್ಟಾ ಹೇಳುತ್ತೇನೆ. ನಾಲ್ಕು ಹೆಜ್ಜೆ ಹಿಂದೆ ಹೋಗಿ. ತಂತಿ ಬರಲಿ, ಬೋರ್ಡು ಬರಲಿ, ನಿಲ್ಲಿಸಿದ ಸ್ಕೂಟರ್ ಅಡ್ಡ ಬಂದರೂ ಬರಲಿ. ಇನ್ನು ಇಪ್ಪತ್ತು ವರ್ಷಕ್ಕೆ ಆ ಫೋಟೋದಲ್ಲಿ ಜನ ಹುಡುಕುವುದು ಅದನ್ನೇ.

ಹಳೇ ಫೋಟೋ ಯಾವ ಕಾಲದ್ದು ಎಂದು ಪತ್ತೆ ಮಾಡುವ ಆಟ ನನಗೆ ಬಹಳ ಇಷ್ಟ. ಹಿಂದೆ ಹಾದುಹೋಗುವ ಬಸ್ಸಿನ ಮೇಲೆ ಬಿಟಿಎಸ್ ಎಂದಿದ್ದರೆ ಅದು ಹೆಚ್ಚು ಕಡಿಮೆ 1997ಕ್ಕೂ ಮುಂಚಿನದು; ಬಿಎಂಟಿಸಿ ಬಂದದ್ದು ಆ ವರ್ಷ. ಕಸದ ಗಾಡಿಯ ಮೇಲೆ ಬಿಬಿಎಂಪಿ ಎಂದಿದ್ದರೆ 2007ರ ನಂತರದ್ದು. ಅಂಗಡಿ ಬೋರ್ಡಿನ ಫೋನ್ ನಂಬರಿನಲ್ಲಿ ಏಳೇ ಅಂಕಿ ಇದ್ದರೆ ಇನ್ನೂ ಹಿಂದೆ ಹೋಗಬೇಕು. ಪಕ್ಕದಲ್ಲಿ ಹಳದಿ ಎಸ್‌ಟಿಡಿ ಬೂತ್ ಇದ್ದರಂತೂ ಕೆಲಸ ಸಲೀಸು. ಮಧ್ಯದಲ್ಲಿ ನಗುತ್ತಾ ನಿಂತಿರುವ ಚಿಕ್ಕಪ್ಪನ ಮುಖದಿಂದ ಇದ್ಯಾವುದೂ ಗೊತ್ತಾಗುವುದಿಲ್ಲ. ಅವರು ಮೂವತ್ತಕ್ಕೂ ಹಾಗೇ ಇದ್ದರು, ಐವತ್ತಕ್ಕೂ ಹಾಗೇ ಇದ್ದರು.

ಈಚಿನ ಬದಲಾವಣೆಗಳೂ ಕಮ್ಮಿಯಿಲ್ಲ. ನಾಮಫಲಕದಲ್ಲಿ ಶೇಕಡಾ 60ರಷ್ಟು ಕನ್ನಡ ಇರಬೇಕು ಎಂಬ ನಿಯಮ 2024ರ ಆರಂಭದಲ್ಲಿ ದೊಡ್ಡ ಸುದ್ದಿಯಾಗಿತ್ತಲ್ಲ? ಕೆಲವೇ ತಿಂಗಳಲ್ಲಿ ರಸ್ತೆ ರಸ್ತೆಗಳ ಬೋರ್ಡು ಬದಲಾದವು. ಕೆಲವರು ಹೊಸ ಬೋರ್ಡು ಹಾಕಿಸಿದರು, ಕೆಲವರು ಹಳೇ ಅಕ್ಷರದ ಮೇಲೆ ಬಟ್ಟೆ ಹೊದಿಸಿ ದಿನ ದೂಡಿದರು. ಒಂದೇ ಬೀದಿಯನ್ನು 2023ರಲ್ಲೂ ಮರುವರ್ಷವೂ ಸುಮ್ನೆ ತೆಗೆದಿಟ್ಟವರ ಹತ್ತಿರ ಇವತ್ತು ಒಳ್ಳೇ ದಾಖಲೆ ಇದೆ. ಬೋರ್ಡಿಗಾಗಿ ಅಂತ ಅವರೇನೂ ತೆಗೆದಿರಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾದವು. ಹಾಗಾಗಿ ಗೋಡೆ, ಕಂಬ, ಕಸದ ಆಟೋ ಮೇಲೆ ಆ ನಾಲ್ಕು ಅಕ್ಷರ ಎಲ್ಲಿ ಉಳಿದಿದ್ದರೂ ಈಗಲೇ ತೆಗೆದುಕೊಳ್ಳಿ.

"ಅದೇ ರಸ್ತೆ, ಅದೇ ಮರ. ಬೇಸರ ಬರಲ್ವಾ?" ಎಂದು ಕೇಳುತ್ತಾರೆ. ಮರವೇ ಬೇಸರ ಬರಲು ಬಿಡುವುದಿಲ್ಲ. ಜರ್ಮನಿಯ ತೋಟಗಾರ ಕೃಂಬಿಗಲ್ 1908ರಲ್ಲಿ ಲಾಲ್‌ಬಾಗಿಗೆ ಬಂದರು. ಒಂದು ಮರದ ಹೂವು ಮುಗಿಯುವ ಹೊತ್ತಿಗೆ ಇನ್ನೊಂದು ಅರಳಬೇಕು ಎಂದು ಲೆಕ್ಕ ಹಾಕಿ ಬೀದಿಗಳಿಗೆ ಗಿಡ ಆರಿಸಿದವರು ಅವರು. ಚಳಿ ಹೋಗುತ್ತಿದ್ದಂತೆ ಗುಲಾಬಿ ಬಣ್ಣದ ಟಬೂಬಿಯಾ, ಆಮೇಲೆ ನೇರಳೆ ಬಣ್ಣದ ಜಕರಂಡ, ಬೇಸಿಗೆ ಏರಿದಾಗ ಕೆಂಪು ಗುಲ್‌ಮೊಹರ್. ಹೊಂಗೆ ಹೂವು ಉದುರುವ ವಾರ ಕಾರಿನ ಗಾಜು ಕೂಡ ಕಾಣುವುದಿಲ್ಲ. ಟಬೂಬಿಯಾ ಫೋಟೋವನ್ನು ಇಡೀ ಊರು ತೆಗೆಯುತ್ತದೆ, ಹೊಂಗೆಯದನ್ನು ಯಾರೂ ತೆಗೆಯುವುದಿಲ್ಲ. ಇದು ನನಗೆ ಸ್ವಲ್ಪ ಅನ್ಯಾಯ ಅನಿಸುತ್ತದೆ.

ಬಿಸಿಲೂ ಒಂದೇ ಥರ ಇರುವುದಿಲ್ಲ. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಆಗ ದಕ್ಷಿಣಕ್ಕೆ ಮುಖ ಮಾಡಿದ ಅಂಗಡಿಗಳಿಗೆ ದಿನವಿಡೀ ಬೆಳಕು. ಎದುರು ಸಾಲು ನೆರಳಲ್ಲಿ. ಜೂನಿನಲ್ಲಿ ಇದು ತಿರುಗುಮುರುಗು. ಬೆಂಗಳೂರಿಗೆ ಮಧ್ಯಾಹ್ನದ ಸೂರ್ಯ ಆಗ ಉತ್ತರದ ಕಡೆ ಇರುತ್ತಾನೆ. ಈ ದಾಟು ಆಗುವುದು ವರ್ಷಕ್ಕೆ ಎರಡು ಸಲ, ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ. ಆ ದಿನ ನಡುಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ; ನೆಟ್ಟಗೆ ನಿಂತ ಕಂಬಕ್ಕೆ ನೆರಳೇ ಬೀಳುವುದಿಲ್ಲ. ಊಟದ ಬಿಡುವಿನಲ್ಲಿ ಆಫೀಸಿನಿಂದ ಕೆಳಗಿಳಿದು ಫುಟ್‌ಪಾತಿನ ಕಂಬ ಒಂದನ್ನು ತೆಗೆದು ನೋಡಿ. ಆಗಸ್ಟಿನಲ್ಲಿ ಮೋಡ ಜಾಸ್ತಿ. ಏಪ್ರಿಲ್ ದಿನವನ್ನೇ ನಂಬಿಕೊಳ್ಳುವುದು ಒಳ್ಳೆಯದು.

ಮಾಮೂಲಿ ಬದುಕನ್ನು ತೆಗೆದು ದೊಡ್ಡ ಹೆಸರು ಮಾಡಿದವರು ನಮ್ಮಲ್ಲೇ ಇದ್ದರು. ಮೈಸೂರಿನ ಟಿ.ಎಸ್. ಸತ್ಯನ್ ಹುಟ್ಟಿದ್ದು 1923ರಲ್ಲಿ. ಲೈಫ್ ಪತ್ರಿಕೆಗೆ, ಯುನಿಸೆಫ್‌ಗೆ, ವಿಶ್ವ ಆರೋಗ್ಯ ಸಂಸ್ಥೆಗೆ ಫೋಟೋ ತೆಗೆದವರು. 1977ರಲ್ಲಿ ಪದ್ಮಶ್ರೀ ಬಂತು. ದೊಡ್ಡ ದೊಡ್ಡವರ ಫೋಟೋಗಳನ್ನೂ ಅವರು ತೆಗೆದಿದ್ದಾರೆ. ಆದರೂ ಜನರಿಗೆ ಜಾಸ್ತಿ ನೆನಪಿರುವುದು ಅವರ ಫೋಟೋಗಳಲ್ಲಿ ಕಾಣುವ ಮಕ್ಕಳು, ಕೆಲಸಗಾರರು, ಬೀದಿಯ ಜನ.

ಜನ ಎಂದಾಗ ಒಂದು ಮಾತು ಹೇಳಲೇಬೇಕು. ಕೇಳಿ ತೆಗೆಯಿರಿ. ನಾನು ಹೂವಿನವರ ಹತ್ತಿರ "ಅಕ್ಕಾ, ಒಂದು ಫೋಟೋ ತೆಗೀಲಾ?" ಎಂದೆ. "ನಂದ್ಯಾಕಪ್ಪಾ, ಹೂವಿಂದ್ ತೆಕ್ಕೋ" ಎಂದರು. ಹೇಳುತ್ತಲೇ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತರು! ಆ ನೆಟ್ಟಗೆ ಕೂತ ಫೋಟೋವನ್ನೂ ತೆಗೆಯಿರಿ, ಅದು ಅವರಿಗೆ ಕೊಡುವುದಕ್ಕೆ. ಆಮೇಲೆ ಎರಡು ನಿಮಿಷ ಮಾತಾಡುತ್ತಾ ನಿಂತರೆ ಕೈ ತಾನಾಗಿ ಕೆಲಸಕ್ಕೆ ಮರಳುತ್ತದೆ. ನಿಮಗೆ ಬೇಕಾದ ಫೋಟೋ ಆಗ ಸಿಗುತ್ತದೆ. ಬೇಡ ಎಂದರೆ ಫೋನ್ ಜೇಬಿಗೆ ಹಾಕಿ, ವಾದ ಮಾಡಬೇಡಿ. ಮಕ್ಕಳಿದ್ದರೆ ಅಪ್ಪ ಅಮ್ಮನನ್ನು ಕೇಳಿ. ಬಸ್ಸಿನಲ್ಲಿ ನಿದ್ದೆಗೆ ಜಾರಿದವರನ್ನು ಕದ್ದು ತೆಗೆಯುವುದನ್ನು ಕೆಲವರು ಕಲೆ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ.

ಇನ್ನು, ತೆಗೆದದ್ದನ್ನು ಉಳಿಸುವ ವಿಚಾರ. ಯಾವಾಗ ತೆಗೆದದ್ದು ಎಂದು ಫೋನ್ ತಾನೇ ಬರೆದಿಡುತ್ತದೆ. ಲೊಕೇಶನ್ ಆನ್ ಇದ್ದರೆ ಜಾಗವನ್ನೂ ಬರೆಯುತ್ತದೆ. ಆದರೆ ವಾಟ್ಸಾಪಿನಲ್ಲಿ ಮಾಮೂಲಿ ಫೋಟೋ ಆಗಿ ಕಳಿಸಿದರೆ ಆ ಮಾಹಿತಿ ಉದುರಿಹೋಗುತ್ತದೆ, ಚಿತ್ರವೂ ಕುಗ್ಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಎರಡೂ ಉಳಿಯುತ್ತವೆ. ತಿಂಗಳಿಗೊಮ್ಮೆ ಕೂತು ಚೆನ್ನಾಗಿರುವ ಕೆಲವನ್ನು ಬೇರೆ ಡಿಸ್ಕಿಗೆ ಹಾಕಿಡಿ, ಒಂದೆರಡನ್ನಾದರೂ ಪ್ರಿಂಟ್ ಹಾಕಿಸಿ. ಹಿಂದುಗಡೆ ರಸ್ತೆಯ ಹೆಸರು, ತಾರೀಕು ಬರೆಯಿರಿ. ಜೊತೆಗೆ ಅವತ್ತಿನ ಬೆಲೆ ಬರೆಯುವುದನ್ನು ಮರೆಯಬೇಡಿ: ಕಾಫಿಗೆ ಎಷ್ಟು, ಒಂದು ಅಂಗಿಯ ಇಸ್ತ್ರಿಗೆ ಎಷ್ಟು, ಒಂದು ಮೊಳ ಮಲ್ಲಿಗೆಗೆ ಎಷ್ಟು. ಮುಂದೆ ನಿಮ್ಮ ಮೊಮ್ಮಕ್ಕಳು ಮೊದಲು ಓದುವುದು ಅದನ್ನೇ, ಫೋಟೋ ನೋಡುವುದು ಆಮೇಲೆ.

ನಮಸ್ಕಾರ.