ಒಂದು ಹಿಡಿ ಅಡಿಕೆ, ಹತ್ತು ಗೋಣಿಯ ಲೆಕ್ಕ

ಎಲ್ಲರಿಗೂ ನಮಸ್ಕಾರ. ಬದಿಯಡ್ಕ, ಮುಳ್ಳೇರಿಯ ಕಡೆ ಈಗ ಅಡಿಕೆ ಸುಲೀತಾ ರೇಡಿಯೋ ಕೇಳುವವರು ತುಂಬ ಇದ್ದೀರಿ, ಹಾಗಾಗಿ ಅಡಿಕೆಯಿಂದಲೇ ಶುರು ಮಾಡ್ತೇನೆ.

ನಾನು ಕಾಲೇಜಿಗೆ ಹೋಗುವಾಗ ಒಮ್ಮೆ ಅಪ್ಪನೊಟ್ಟಿಗೆ ಹತ್ತು ಗೋಣಿ ಚಾಲಿ, ಅಂದ್ರೆ ಒಣಗಿಸಿ ಸುಲಿದ ಅಡಿಕೆ, ಜೀಪಿಗೆ ಹಾಕಿ ಪೇಟೆಗೆ ಹೋಗಿದ್ದೆ. ಅಂಗಡಿಯವರು ಮೊದಲ ಗೋಣಿಯ ಬಾಯಿ ಬಿಚ್ಚಿ, ಮೇಲಿಂದಲೇ 20 ಅಡಿಕೆ ತೆಗೆದು ತುಂಡು ಮಾಡಿದ್ರು, ಐದು ಹಾಳು. "ನಿಮ್ಮದ್ರಲ್ಲಿ ನೂರಕ್ಕೆ 25 ಹಾಳುಂಟು" ಅಂತ ರೇಟು ಇಳಿಸಿಯೇ ಬಿಟ್ರು. ಅಪ್ಪ ಸುಮ್ಮನಿದ್ರು, ನನಗೆ ತಡೀಲಿಲ್ಲ, ಇನ್ನೊಂದು ಗೋಣಿಯ ಅಡಿಯಿಂದ ತೆಗೀರಿ ಅಂದೆ. 20ರಲ್ಲಿ ಎರಡು ಹಾಳು. ಮತ್ತೊಂದರ ನಡುವಿಂದ ತೆಗೆದ್ರೆ ಮೂರು. ತೋಟ ಅದೇ, ಅಡಿಕೆ ಅದೇ, ಹಿಡಿ ಬದಲಾದ ಹಾಗೆ ಲೆಕ್ಕ ಬದಲಾಯ್ತು! ಮನೆಗೆ ಬಂದ ಮೇಲೆ ಅಮ್ಮ ಹೇಳಿದ್ರು, ಅಂಗಳದಲ್ಲಿ ಮಳೆಗೆ ಸಿಕ್ಕಿದ ಅಡಿಕೆಯನ್ನು ಕೊನೆಗೆ ಆ ಮೊದಲ ಗೋಣಿಯ ಬಾಯಿಗೇ ತುಂಬಿಸಿದ್ದಂತೆ.

ಹತ್ತು ಗೋಣಿಯಲ್ಲಿ ನಿಜವಾಗಿ ಎಷ್ಟು ಹಾಳುಂಟೋ ಅದು ಒಂದೇ ನಂಬ್ರ, ಅದು ಅಲ್ಲಾಡುವುದಿಲ್ಲ, ಅದಕ್ಕೆ ಪ್ಯಾರಾಮೀಟರ್ ಅಂತಾರೆ. ಅದು ಗೊತ್ತಾಗ್ಬೇಕಾದ್ರೆ ಎಲ್ಲಾ ಅಡಿಕೆ ತುಂಡು ಮಾಡ್ಬೇಕು, ಮತ್ತೆ ಮಾರ್ಲಿಕ್ಕೆ ಎಂತ ಉಳೀತದೆ? ಹಿಡಿಯಲ್ಲಿ ಸಿಕ್ಕಿದ ನಂಬ್ರ ಸ್ಟ್ಯಾಟಿಸ್ಟಿಕ್, ಅದು ಹಿಡಿಯಿಂದ ಹಿಡಿಗೆ ಅಲ್ಲಾಡ್ತದೆ. ಹಿಡಿಯ ನಂಬ್ರ ಗೋಣಿಯ ನಂಬ್ರ ಅಲ್ಲ. ದಯವಿಟ್ಟು ಇದೊಂದನ್ನು ನೆನಪಿಡಿ, ಹಿಡಿಯ ನಂಬ್ರ ಗೋಣಿಯ ನಂಬ್ರ ಅಲ್ಲ, ಅದರ ಅಂದಾಜು ಅಷ್ಟೇ. ಸ್ವಲ್ಪ ಜನರನ್ನು ಮಾತ್ರ ಕೇಳಿ ಮಾಡಿದ ಸರ್ವೆ ಪೇಪರಲ್ಲಿ ಬಂದ ಕೂಡ್ಲೇ "ಜನ ಹೀಗಂತೆ" ಅಂತ ಕಲಿತವರೂ ಹೇಳಿಬಿಡ್ತಾರೆ, ನನಗೆ ಅದು ಕೇಳಿದ್ರೆ ಆಗುವುದಿಲ್ಲ.

ಹಿಡಿ ದೊಡ್ಡದಾದ್ರೆ ಸಾಕಲ್ವಾ ಅಂತ ಕೇಳ್ಬಹುದು. ಸಾಲದು. 1936ರಲ್ಲಿ ಅಮೆರಿಕದ ಅಧ್ಯಕ್ಷರ ಚುನಾವಣೆಗೆ ಮೊದಲು ಅಲ್ಲಿಯ ಲಿಟರರಿ ಡೈಜೆಸ್ಟ್ ಪತ್ರಿಕೆ 20 ಲಕ್ಷಕ್ಕೂ ಹೆಚ್ಚು ಜನರ ಉತ್ತರ ಎಣಿಸಿ ಲ್ಯಾಂಡನ್ ಗೆಲ್ತಾರೆ ಅಂದಿತು, ಗೆದ್ದದ್ದು ರೂಸ್‌ವೆಲ್ಟ್, 48 ರಾಜ್ಯದಲ್ಲಿ 46. ವಿಳಾಸಗಳನ್ನು ಹೆಚ್ಚಾಗಿ ಫೋನು, ಕಾರು ಇದ್ದವರ ಪಟ್ಟಿಯಿಂದ ತೆಗೆದದ್ದು, ಅದೂ ಗೋಣಿಯ ಬಾಯಿಯ ಅಡಿಕೆಯೇ ಅಲ್ವಾ.

ಸಮಯ ಆಯ್ತು ಅಂತ ಗಾಜಿನ ಆಚೆಯಿಂದ ಕೈ ಮಾಡ್ತಾ ಇದ್ದಾರೆ. ಇನ್ನೊಂದೇ ಮಾತು, ಚೆನ್ನಾಗಿ ಕಲಸಿ ತೆಗೆದ್ರೂ ಅಂದಾಜಿನ ಅಲ್ಲಾಟ ಅರ್ಧಕ್ಕೆ ಇಳೀಬೇಕಾದ್ರೆ ನಾಲ್ಕು ಪಟ್ಟು ಅಡಿಕೆ ತುಂಡು ಮಾಡ್ಬೇಕು, 20ರ ಬದಲು 80. ಗೋಣಿ ಹತ್ತಿದ್ರೂ ನೂರಿದ್ರೂ ಹೆಚ್ಚುಕಮ್ಮಿ ಅಷ್ಟೇ. ನಮಸ್ಕಾರ.