ಬೋರ್ಡು ಹಿಡಿಸಿದ್ದು ಸಾಕು, ಉತ್ತರ ಕೊಡಿ

ನಮಸ್ಕಾರ. ಇವತ್ತು ಬೇರೆ ವಿಷಯ ಮಾತಾಡ್ಬೇಕು ಅಂತ ಬರ್ಕೊಂಡಿದ್ದೆ. ಅದನ್ನ ಪಕ್ಕಕ್ಕಿಟ್ಟಿದ್ದೀನಿ. ಒಂದು ಕಾಮೆಂಟು ಮೂರು ದಿನದಿಂದ ತಲೇಲಿ ಕೂತುಬಿಟ್ಟಿದೆ, ಅದನ್ನ ಇಳಿಸದೆ ನನಗೆ ಬೇರೆ ಮಾತು ಹೊರಡಲ್ಲ. ಹೋದ ವಾರ ನಮ್ಮ ಬೆಂಗಳೂರಿನ ಕೊಳಚೆ ಹೊತ್ತು ಹರಿಯೋ ವೃಷಭಾವತಿ ನದಿ ಬಗ್ಗೆ ಕಾಲೇಜು ಹುಡುಗರನ್ನ ಕೂರಿಸಿಕೊಂಡು ಮಾಡಿದ್ವಲ್ಲ, ಆ ಎಪಿಸೋಡಿನ ಕೆಳಗೆ ಬಂದಿದ್ದು. ಹಾಗೇ ಓದ್ತೀನಿ, ಕೇಳಿ.

"ಈ ಹುಡುಗರಿಗೆ ಬೇರೆ ಕೆಲಸ ಇಲ್ವಾ ಸಾರ್. ಮೊದಲು ಓದಿ ಪಾಸಾಗ್ಲಿ. ಪರಿಸರ ಅಂದ್ರೆ ಅಷ್ಟು ಪ್ರೀತಿ ಇದ್ರೆ ಗಿಡ ನೆಡ್ಲಿ, ಜಾಥಾ ಮಾಡ್ಲಿ, ಜಾಗೃತಿ ಮೂಡಿಸ್ಲಿ. ಅದು ಬಿಟ್ಟು ಅಧಿಕಾರಿಗಳನ್ನ ಪ್ರಶ್ನೆ ಕೇಳೋಕೆ ಇವರ್ಯಾರು?"

ಇದಕ್ಕೆ ಇನ್ನೂರು ಚಿಲ್ಲರೆ ಲೈಕು.

ಗಿಡ ನೆಡ್ಲಿ ಅಂದಿದ್ದಕ್ಕೆ ನನಗೆ ಸಿಟ್ಟಿಲ್ಲ. ಓದ್ಲಿ ಅಂದಿದ್ದಕ್ಕೂ ಇಲ್ಲ. "ಜಾಗೃತಿ ಮೂಡಿಸ್ಲಿ, ಪ್ರಶ್ನೆ ಕೇಳೋದು ಬೇಡ" ಅಂದ್ರಲ್ಲ, ಅಲ್ಲಿ ನನಗೆ ಉರಿದುಹೋಯ್ತು. ಯಾಕಂದ್ರೆ ಇದನ್ನ ಹೇಳಿದ್ದು ಇವರೊಬ್ಬರೇ ಅಲ್ಲ. ನಮ್ಮ ಶಾಲೆಗಳು ಹೇಳೋದು ಇದನ್ನೇ, ಮನೆಗಳು ಹೇಳೋದೂ ಇದನ್ನೇ. ಮಕ್ಕಳ ಕೈಗೆ ಬೋರ್ಡು ಕೊಟ್ಟು ಬಿಸಿಲಲ್ಲಿ ನಿಲ್ಲಿಸ್ತೀವಿ. ಅದೇ ಮಗು ತಿರುಗಿ ಒಂದು ಪ್ರಶ್ನೆ ಕೇಳಿದ್ರೆ, "ದೊಡ್ಡವರ ಹತ್ರ ಹೀಗಾ ಮಾತಾಡೋದು?"

ನಮ್ಮಕ್ಕನ ಮಗಳ ಕಥೆ ಹೇಳ್ತೀನಿ. ಏಳನೇ ಕ್ಲಾಸು. ಜೂನ್ 5, ಪರಿಸರ ದಿನ. ಶಾಲೆಯಿಂದ ವಾಟ್ಸಾಪಲ್ಲಿ ಮೆಸೇಜು ಬಂತು: ಎಲ್ಲರೂ ಒಂದೊಂದು ಮಾಡೆಲ್ ಮಾಡ್ಕೊಂಡು ಬರ್ಬೇಕು. ಅಕ್ಕ ಭಾವ ಇಬ್ರಿಗೂ ಡ್ಯೂಟಿ, ಹಾಗಾಗಿ ಅವಳು ನಮ್ಮನೆಗೆ ಬಂದ್ಳು. ಸ್ಟೇಷನರಿ ಅಂಗಡಿಗೆ ಹೋದ್ವಿ. ಎರಡು ಥರ್ಮಾಕೋಲ್ ಶೀಟು, ಹಸಿರು ನೀಲಿ ಪೇಂಟು, ಗ್ಲಿಟರು, ಪ್ಲಾಸ್ಟಿಕ್ ಹುಲ್ಲಿನ ಮ್ಯಾಟು. ರಾತ್ರಿ ಹನ್ನೊಂದರವರೆಗೂ ಕೂತು ಭೂಮಿ ಮಾಡಿದ್ವಿ. ಚಾಕು ಕಾಯಿಸಿ ಕತ್ತರಿಸೋದು ನನ್ನ ಕೆಲಸ, ಬಣ್ಣ ಅವಳ ಕೆಲಸ. ಆ ಬಿಳಿ ಕಾಳು ಇದ್ಯಲ್ಲ, ಥರ್ಮಾಕೋಲಿಂದ ಉದುರೋದು, ಸೋಫಾಗೆ, ಪ್ಯಾಂಟಿಗೆ, ಅವಳ ಜಡೆಗೆಲ್ಲ ಅಂಟ್ಕೊಂಡಿತ್ತು. ಗುಡಿಸಿದಷ್ಟೂ ಹಾರುತ್ತೆ, ಪೊರಕೆಗೆ ಸಿಗಲ್ಲ. ಭೂಮಿಗೆ ಎರಡು ಕಣ್ಣು, ನೀಲಿ ಗ್ಲಿಟರಿನ ಎರಡು ಹನಿ ಕಣ್ಣೀರು. ಕೆಳಗೆ "ನನ್ನನ್ನು ಉಳಿಸಿ". ಎರಡನೇ ಬಹುಮಾನ ಬಂತು.

ಎರಡು ದಿನ ಬಿಟ್ಟು ಅವಳನ್ನ ಕರ್ಕೊಂಡು ಬರೋಕೆ ಹೋದೆ. ಗೇಟಲ್ಲಿ ಅವಳಿಲ್ಲ. ಹುಡುಕ್ಕೊಂಡು ಹಿಂದುಗಡೆ ಹೋದ್ರೆ ಕಾಂಪೌಂಡ್ ಪಕ್ಕ ನಿಂತಿದ್ದಾಳೆ, ಮೂಗಿಗೆ ಕರ್ಚೀಫ್ ಹಿಡ್ಕೊಂಡು. ಎಲ್ಲ ಮಾಡೆಲ್ಲುಗಳನ್ನೂ ಒಂದು ರಾಶಿ ಹಾಕಿ ಬೆಂಕಿ ಇಟ್ಟಿದ್ದಾರೆ. ಥರ್ಮಾಕೋಲ್ ಕಾಗದದ ಥರ ಉರಿಯಲ್ಲ. ಮೊದಲು ಮುದುಡಿಕೊಳ್ಳುತ್ತೆ, ಆಮೇಲೆ ಕರಗಿ ತೊಟ್ಟಿಕ್ಕುತ್ತೆ, ತೊಟ್ಟಿಕ್ತಾ ಉರಿಯುತ್ತೆ. ಕಪ್ಪು ಹೊಗೆ, ಆ ಹೊಗೆಯಿಂದ ಎಳೆ ಎಳೆಯಾಗಿ ಕರಿ ಮಸಿ ಮೇಲೆ ಹೋಗಿ ಮಕ್ಕಳ ಬಿಳಿ ಷರ್ಟಿನ ಮೇಲೆ ಬೀಳ್ತಿತ್ತು. ಅವಳ ಭೂಮಿ ಅರ್ಧ ಹಾಗೇ ಇತ್ತು. ಅವಳು ಅಳ್ಲಿಲ್ಲ. ಅಲ್ಲೇ ಇದ್ದ ಟೀಚರ್ ಹತ್ರ ಹೋಗಿ ಕೇಳಿದ್ಳು: "ಮಿಸ್, ಇದನ್ನ ಸುಡಬಾರ್ದಲ್ವಾ?"

ಮಿಸ್ ಏನಂದ್ರು ಗೊತ್ತಾ? "ನಿಂಗೆ ಪ್ರೈಜ್ ಬಂತಲ್ಲಮ್ಮ, ಮನೆಗೆ ಹೋಗು."

ಆ ಟೀಚರ್ ಮೇಲೆ ನನಗೆ ಕೋಪ ಇಲ್ಲ. ಅವರಿಗೂ ಸಾಕಾಗಿರುತ್ತೆ, ಅಷ್ಟೊಂದು ಮಾಡೆಲ್ ಎಲ್ಲಿಡ್ತಾರೆ. ಆದ್ರೆ ನನ್ನ ಮಾತು ಗಮನಿಸಿ. ಅಲಂಕಾರಕ್ಕೆ ಬಳಸೋ ಥರ್ಮಾಕೋಲ್ ಈ ದೇಶದಲ್ಲಿ 2022ರ ಜುಲೈ 1ರಿಂದ ನಿಷೇಧ. ಬಯಲಲ್ಲಿ ಕಸ ಸುಡಬಾರದು ಅಂತ, ಪರಿಸರದ ಕೇಸುಗಳನ್ನ ಕೇಳೋ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಲ್ಲೇ ಆದೇಶ ಮಾಡಿದೆ, 5,000 ರೂಪಾಯಿ ದಂಡ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000. ಹನ್ನೆರಡು ವರ್ಷದ ಹುಡುಗಿ ಕೇಳಿದ್ದು ನೂರಕ್ಕೆ ನೂರು ಸರಿಯಾದ ಪ್ರಶ್ನೆ. ಅವಳಿಗೆ ಸಿಕ್ಕಿದ್ದು "ಮನೆಗೆ ಹೋಗು".

ಇದೇ ನಾನು ಹೇಳ್ಬೇಕಿರೋದು. ಮಕ್ಕಳಿಗೆ ಜಾಗೃತಿ ಇದೆ. ಅವರು ಕೇಳ್ತಿರೋದು ಉತ್ತರ. ಉತ್ತರ ಕೊಡಿ.

ಜಾಗೃತಿ, ಜಾಗೃತಿ ಅಂತೀವಲ್ಲ, ಬೆಂಗಳೂರಲ್ಲಿ ಇನ್ನು ಯಾರಿಗೆ ಮೂಡಿಸ್ಬೇಕು ಹೇಳಿ? 2015ರಲ್ಲಿ ಬೆಳ್ಳಂದೂರು ಕೆರೆಯ ನೊರೆಗೇ ಬೆಂಕಿ ಹತ್ತಿಕೊಳ್ತು. 2018ರ ಜನವರಿಯಲ್ಲಿ ಅದೇ ಕೆರೆಯಂಗಳ ಹೊತ್ತಿ ಉರಿದಾಗ ಆರಿಸೋಕೆ ಸೈನಿಕರು ಬರ್ಬೇಕಾಯ್ತು. ಆ ನೊರೆ ಎಲ್ಲಿಂದ ಬಂತು? ಶುದ್ಧೀಕರಣ ಆಗದ ಒಳಚರಂಡಿ ನೀರು, ನಾವು ಬಟ್ಟೆ ಒಗೆಯೋ ಪುಡಿ. ಅದೇ 2018ರ ಕೊನೇಲಿ ಹಸಿರು ನ್ಯಾಯಮಂಡಳಿ, ಕೆರೆಗಳನ್ನ ಸರಿಮಾಡೋಕೆ 500 ಕೋಟಿ ತೆಗೆದಿಡಿ ಅಂತ ರಾಜ್ಯ ಸರ್ಕಾರಕ್ಕೆ ಹೇಳ್ತು. ರಸ್ತೆ ಮೇಲೆ ನೊರೆ ಹಾರಿ ಬಂದು ಸ್ಕೂಟರಿನವರ ಮುಖಕ್ಕೆ ಬಡಿದ ಊರಿದು. ಇಲ್ಲಿ ಮಗು ಹೋಗಿ "ಕೆರೆ ಉಳಿಸಿ" ಅಂತ ಬೋರ್ಡು ಹಿಡಿದು ಯಾರಿಗೆ ಹೊಸದಾಗಿ ತಿಳಿಸ್ಬೇಕು? ಎಲ್ರಿಗೂ ಗೊತ್ತು. ಗೊತ್ತಿರೋರ ಮುಂದೆ ಬೋರ್ಡು ಹಿಡಿಸೋದು ಬಿಟ್ಟು, ಆ ದುಡ್ಡು ಏನಾಯ್ತು, ಕೆರೆ ಎಷ್ಟರಮಟ್ಟಿಗೆ ಶುದ್ಧ ಆಯ್ತು ಅಂತ ಆ ಮಗು ಕೇಳಿದ್ರೆ ಕೂರಿಸಿಕೊಂಡು ಉತ್ತರ ಕೊಡಿ.

ಒಂದು ನಿಮಿಷ, ಮರೆಯೋ ಮುಂಚೆ ಹೇಳಿಬಿಡ್ತೀನಿ. ಈ ಚಾನೆಲ್ಲು ಯಾರ ಜಾಹೀರಾತಿನ ಮೇಲೂ ನಡೀತಿಲ್ಲ, ನಿಮ್ಮ ಸಬ್‌ಸ್ಕ್ರಿಪ್ಷನ್ ಮೇಲೇ ನಡೀತಿರೋದು. ಇನ್ನೂ ಒತ್ತಿಲ್ಲ ಅಂದ್ರೆ ಒತ್ತಿ. ವೃಷಭಾವತಿ ಎಪಿಸೋಡ್ ನೋಡದೇ ಇರೋರು ದಯವಿಟ್ಟು ನೋಡಿ, ಆ ಹುಡುಗರು ನನಗಿಂತ ಚೆನ್ನಾಗಿ ಮಾತಾಡಿದ್ದಾರೆ.

ಹಾಂ. "ಇದೆಲ್ಲ ಆ ಸ್ವೀಡನ್ ಹುಡುಗಿ ನೋಡಿ ಕಲಿತಿದ್ದು, ಫಾರಿನ್ ಫ್ಯಾಷನ್ನು" ಅಂತ ಇನ್ನೊಬ್ರು ಬರೆದಿದ್ದಾರೆ. ಸ್ವಾಮಿ, ಆ ಹುಡುಗಿ ಗ್ರೆಟಾ ಥುನ್‌ಬರ್ಗ್, ಹವಾಮಾನ ಬದಲಾವಣೆ ತಡೀರಿ ಅಂತ ಸ್ಕೂಲು ಬಿಟ್ಟು ಅವರ ದೇಶದ ಪಾರ್ಲಿಮೆಂಟ್ ಮುಂದೆ ಕೂತಿದ್ದು 2018ರ ಆಗಸ್ಟಲ್ಲಿ, ಆಗ ಅವಳಿಗೆ 15 ವರ್ಷ. ನಮ್ಮ ಶಿರಸಿ ತಾಲೂಕಿನ ಸಾಲ್ಕಣಿ ಜನ ಕಾಡಿಗೆ ನುಗ್ಗಿ ಮರ ತಬ್ಬಿಕೊಂಡು ನಿಂತಿದ್ದು 1983ರ ಸೆಪ್ಟೆಂಬರ್ 8ಕ್ಕೆ. ಆ ಹುಡುಗಿ ಹುಟ್ಟೋಕೆ ಇನ್ನೂ ಹತ್ತಿರ ಹತ್ತಿರ ಇಪ್ಪತ್ತು ವರ್ಷ ಇತ್ತು. ಮುಂದೆ ನಿಂತೋರು ಯಾರು? ಊರಿನ ಯುವಕ ಮಂಡಳಿ ಹುಡುಗರು. ಕೊಡಲಿ ಬೀಳ್ತಿರೋ ಕಡೆ ಹೋಗಿ ಮರ ಅಪ್ಕೊಂಡ್ರು, ಆ ಚಳವಳಿಗೆ ಅಪ್ಪಿಕೋ ಅಂತ ಹೆಸರೂ ನಮ್ಮ ಮಾತಲ್ಲೇ ಹುಟ್ಟಿತು. ಕಾಡು ಹೋದ್ರೆ ತೋಟಕ್ಕೆ ಸೊಪ್ಪು ಸಿಗಲ್ಲ, ಝರಿ ಬತ್ತುತ್ತೆ ಅಂತ ಅವರಿಗೆ ಯಾವ ಸೆಮಿನಾರೂ ಹೇಳಿಕೊಡ್ಬೇಕಾಗಿರಲಿಲ್ಲ. ಅವರು ಜಾಗೃತಿ ಮೂಡಿಸೋಕೆ ಹೋಗಿರಲಿಲ್ಲ. ಕಡಿಯೋದನ್ನ ನಿಲ್ಲಿಸೋಕೆ ಹೋಗಿದ್ರು. 38 ದಿನ ನಡೀತು. ಆವತ್ತೂ "ಇವರ್ಯಾರು" ಅಂತ ಕೇಳಿದೋರು ಇದ್ದೇ ಇರ್ತಾರೆ. ಅವರ ಹೆಸರು ಯಾರಿಗೂ ನೆನಪಿಲ್ಲ.

ಇನ್ನು ಹತ್ತಿರಕ್ಕೆ ಬನ್ನಿ, 2020. ಯೋಜನೆಗಳಿಂದ ಪರಿಸರಕ್ಕೆ ಏನಾಗುತ್ತೆ ಅಂತ ಅಳೆಯೋ ನಿಯಮವನ್ನೇ ಬದಲಿಸೋಕೆ ಕೇಂದ್ರ ಸರ್ಕಾರ ಒಂದು ಕರಡು ಹೊರಡಿಸ್ತು, ಇಐಎ ಕರಡು. ಜನ ಅಭಿಪ್ರಾಯ ಹೇಳಿ ಅಂದ್ರು. ಹೇಳ್ಬೇಕು ಅಂದ್ರೆ ಓದ್ಬೇಕಲ್ಲ? ಕರಡು ಇದ್ದಿದ್ದು ಇಂಗ್ಲಿಷ್ ಮತ್ತು ಹಿಂದೀಲಿ ಮಾತ್ರ. ಉತ್ತರ ಕನ್ನಡದ ಮೀನುಗಾರ, ಸಂಡೂರಿನ ಗಣಿ ಪಕ್ಕದ ರೈತ, ಇವರ ಊರಿಗೆ ಏನಾಗುತ್ತೆ ಅಂತ ಇರೋ ಕಾಗದ ಇವರ ಭಾಷೇಲಿಲ್ಲ. ಸಂವಿಧಾನದ ಎಂಟನೇ ಪರಿಚ್ಛೇದದಲ್ಲಿರೋ, ಕನ್ನಡವೂ ಸೇರಿದ ಭಾಷೆಗಳಿಗೆಲ್ಲ ಅನುವಾದ ಮಾಡಿಸಿ ಅಂತ ದೆಹಲಿ ಹೈಕೋರ್ಟು ಹೇಳ್ಬೇಕಾಯ್ತು. ಸ್ಥಳೀಯ ಭಾಷೆಗಳಲ್ಲಿ ಪ್ರಚಾರ ಆಗಿಲ್ಲ ಅಂತ ನಮ್ಮ ಕರ್ನಾಟಕ ಹೈಕೋರ್ಟು ಅಂತಿಮ ಅಧಿಸೂಚನೆಗೇ ತಡೆ ಕೊಡ್ತು. ಆ ಹೊತ್ತಲ್ಲಿ ದೇಶದ ತುಂಬ ಕಾಲೇಜು ಹುಡುಗ ಹುಡುಗೀರು ಲಾಕ್‌ಡೌನಲ್ಲಿ ಕೂತು, ಆ ಕರಡನ್ನ ಓದಿ, ಬಿಡಿಸಿ ಹೇಳಿ, ಮಂತ್ರಾಲಯಕ್ಕೆ ಇಮೇಲ್ ಕಳಿಸಿದ್ರು. ಅದಕ್ಕೆ ಸಿಕ್ಕ ಪ್ರತಿಫಲ ಏನು? ಫ್ರೈಡೇಸ್ ಫಾರ್ ಫ್ಯೂಚರ್ ಅನ್ನೋ ಪರಿಸರ ಗುಂಪಿನ ಹುಡುಗರ ವೆಬ್‌ಸೈಟ್ ಬಂದ್. ದೆಹಲಿ ಪೊಲೀಸರ ನೋಟಿಸು, ಅದರಲ್ಲಿ ಯುಎಪಿಎ, ಭಯೋತ್ಪಾದಕರಿಗೆ ಹಾಕೋ ಕಾಯ್ದೆ. ಆಮೇಲೆ ಅದು ತಪ್ಪಾಗಿ ಸೇರಿತ್ತು ಅಂತ ವಾಪಸ್ ತಗೊಂಡ್ರು. ಇಮೇಲ್ ಕಳಿಸಿದ್ದಕ್ಕೆ! ಇದೇ ಹುಡುಗರು ಒಂದು ಕಡೆ ನಿಂತು ಬಲೂನ್ ಹಾರಿಸಿ "ಹಸಿರೇ ಉಸಿರು" ಅಂದಿದ್ರೆ ಸ್ಟೇಜ್ ಮೇಲೆ ಕರೆದು ಶಾಲು ಹೊದಿಸ್ತಿದ್ರು.

ಬೋರ್ಡು ಹಿಡಿದ್ರೆ ಶಾಲು, ಪ್ರಶ್ನೆ ಕೇಳಿದ್ರೆ ನೋಟಿಸು. ನನಗೆ ಇದು ಸಹಿಸೋಕಾಗಲ್ಲ.

"ಓದೋ ವಯಸ್ಸಲ್ಲಿ ಓದ್ಲಿ." ಸರಿ, ಓದೋದರ ಬಗ್ಗೇನೇ ಮಾತಾಡೋಣ. ಪರಿಸರ ಶಿಕ್ಷಣ ಎಲ್ಲ ಹಂತದಲ್ಲೂ ಇರ್ಬೇಕು ಅಂತ ಸುಪ್ರೀಂ ಕೋರ್ಟು 1991ರಲ್ಲೇ ಹೇಳಿದೆ. ಡಿಗ್ರೀಲಿ ಆ ಪೇಪರ್ ಎಲ್ರೂ ಬರೆದಿದ್ದೀವಿ. ಪರೀಕ್ಷೆ ಹಿಂದಿನ ರಾತ್ರಿ "ಮಾಲಿನ್ಯದ ವಿಧಗಳು" ಬಾಯಿಪಾಠ ಮಾಡಿ ಬಂದಿದ್ದೀವಿ. ಈಗಿನ ಹುಡುಗರು ಅದನ್ನ ನಿಜವಾಗಿ ಓದ್ತಿದ್ದಾರೆ, ಅದೇ ಅವರ ತಪ್ಪು! ಹೋದ ವಾರ ಬಂದಿದ್ದ ಒಬ್ಬ ಹುಡುಗಿ, ಬಿಎಸ್ಸಿ ಎರಡನೇ ವರ್ಷ, ಕೇಳಿದ್ಳಲ್ಲ: ಗಾಳೀಲಿರೋ ಪಿಎಂ 2.5 ಅನ್ನೋ ಸಣ್ಣ ಧೂಳು ವರ್ಷದ ಸರಾಸರಿ ಘನ ಮೀಟರಿಗೆ 5 ಮೈಕ್ರೋಗ್ರಾಂ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದೆ, ನಮ್ಮ ದೇಶದ ಮಿತಿ 40, "ಹಾಗಾದ್ರೆ ನಮ್ಮ ಶ್ವಾಸಕೋಶ ಬೇರೇನಾ ಸರ್?" ಅಂತ. ಇದು ಓದಿದ ಹುಡುಗಿ ಕೇಳೋ ಪ್ರಶ್ನೆ. ಓದದೇ ಇರೋರು ಕೇಳೋ ಪ್ರಶ್ನೆ "ಇವರ್ಯಾರು".

ಇವರ್ಯಾರು ಅಂದ್ರೆ, ನಾಗರಿಕರು. ಕಾಡು, ಕೆರೆ, ನದಿ, ವನ್ಯಜೀವಿಗಳನ್ನ ಕಾಪಾಡೋದು ಪ್ರತಿಯೊಬ್ಬ ನಾಗರಿಕನ ಕರ್ತವ್ಯ ಅಂತ ಸಂವಿಧಾನದ 51ಎ ವಿಧಿ ಹೇಳುತ್ತೆ. ಮಾಹಿತಿ ಹಕ್ಕು ಕಾಯ್ದೆ 2005ರದು. 10 ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ. ಅದರಲ್ಲಿ "ಎಲ್ಲ ನಾಗರಿಕರಿಗೂ" ಅಂತಿದೆ. ಮೀಸೆ ಬಂದೋರಿಗೆ ಮಾತ್ರ ಅಂತಿಲ್ಲ.

ಇನ್ನು ಕೆಲವರು ಅಂತಾರೆ, "ಮೊದಲು ಫೋನ್ ಬಿಡ್ಲಿ, ಎಸಿ ಆಫ್ ಮಾಡ್ಲಿ." ಅಯ್ಯೋ, ಬಿಡಿ ಸ್ವಾಮಿ. ಆ ಮಗು ಫೋನ್ ಬಿಟ್ರೆ ವೃಷಭಾವತಿಗೆ ಬೀಳೋ ಕೊಳಚೆ ನಿಲ್ಲುತ್ತಾ? "ಚೀನಾಗೆ ಹೋಗಿ ಹೇಳಿ" ಅಂತಾನೂ ಅಂತಾರೆ. ವೃಷಭಾವತಿ ಚೀನಾದಿಂದ ಹರಿದು ಬರ್ತಿಲ್ಲ. ಬಸವನಗುಡಿಯಲ್ಲಿ ಹುಟ್ಟಿ, ಮೈಸೂರು ರಸ್ತೆ ಪಕ್ಕ ಮೂಗು ಮುಚ್ಚಿಸ್ಕೊಂಡು ಹೋಗಿ, ಬೈರಮಂಗಲ ಕೆರೆ ತುಂಬಿ, ಅರ್ಕಾವತಿ ಸೇರಿ, ಸಂಗಮದಲ್ಲಿ ಕಾವೇರಿಗೆ ಬೀಳುತ್ತೆ. ಪೂರ್ತಿ ನಮ್ಮದೇ. ಪೂರ್ತಿ ನಾವೇ ಮಾಡಿದ್ದು. ಅದನ್ನ ಹಾಳು ಮಾಡಿದ ತಲೆಮಾರು ನಂದು. ಅದರ ಜೊತೆ ಇನ್ನೂ ಅರವತ್ತು ವರ್ಷ ಬದುಕ್ಬೇಕಾಗಿರೋ ತಲೆಮಾರು ಕೇಳ್ತಿದೆ. ಉತ್ತರ ಕೊಡಿ! ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅನ್ನಿ, ಅದೂ ಉತ್ತರಾನೇ. "ಪ್ರೈಜ್ ಬಂತಲ್ಲ" ಅನ್ಬೇಡಿ. ನನ್ನ ಮುಂದೆ ಯಾರೂ ಯಾವ ಮಗುಗೂ ಇನ್ಮೇಲೆ ಹಾಗನ್ಬೇಡಿ.

ನೀರು ಕುಡೀತೀನಿ, ಇರಿ.

ಈ ಭಾನುವಾರ ಬೆಳಿಗ್ಗೆ ಏಳಕ್ಕೆ ಆ ಹುಡುಗರ ಜೊತೆ ವೃಷಭಾವತಿ ದಂಡೇಲಿ ನಡೀತಿದ್ದೀವಿ. ಎಲ್ಲಿ ಸೇರೋದು ಅಂತ ನಮ್ಮ ವಾಟ್ಸಾಪ್ ಚಾನೆಲ್ಲಲ್ಲಿ ಹಾಕ್ತೀನಿ. ಕಾಮೆಂಟ್ ಹಾಕಿದ ಸಾರ್, ನೀವೂ ಬನ್ನಿ, ನಿಜವಾಗ್ಲೂ ಕರೀತಿದ್ದೀನಿ. ಹಳೇ ಚಪ್ಪಲಿ ಹಾಕ್ಕೊಂಡು ಬನ್ನಿ.

ಇನ್ನೊಂದು. ನಮ್ಮಕ್ಕನ ಮಗಳು, ಮಾಡೆಲ್ ಸುಟ್ಟ ದಿನ ಮನೆಗೆ ಬಂದು ಸುಮ್ಮನೆ ಕೂತಿದ್ಳು. ರಾತ್ರಿ ನೋಟ್‌ಬುಕ್ಕಿಂದ ಒಂದು ಹಾಳೆ ಹರಿದು ಏನೋ ಬರೀತಿದ್ಳು. "ಮಾಮ, ಕಾಗುಣಿತ ನೋಡು" ಅಂತ ಕೊಟ್ಳು. ಅವಳನ್ನ ಕೇಳಿಯೇ ಓದ್ತಿದ್ದೀನಿ:

"ಪ್ರಾಂಶುಪಾಲರಿಗೆ ನಮಸ್ಕಾರಗಳು. ಪರಿಸರ ದಿನದ ಮಾಡೆಲ್‌ಗಳನ್ನು ಶಾಲೆಯ ಹಿಂದೆ ಸುಟ್ಟರು. ಮುಂದಿನ ವರ್ಷ ಥರ್ಮಾಕೋಲ್ ಬೇಡ ಎಂದು ಮೆಸೇಜಿನಲ್ಲಿ ಹಾಕುವಿರಾ? ನಮ್ಮ ಶಾಲೆಯ ಒಣ ಕಸ ಎಲ್ಲಿಗೆ ಹೋಗುತ್ತದೆ? ದಯವಿಟ್ಟು ತಿಳಿಸಿ. ಇಂತಿ ನಿಮ್ಮ ವಿಧೇಯ ವಿದ್ಯಾರ್ಥಿನಿ."

ಕಾಗುಣಿತ ಒಂದೂ ತಪ್ಪಿರಲಿಲ್ಲ. ಸೋಮವಾರ ಅವಳೇ ಹೋಗಿ ಆಫೀಸಲ್ಲಿ ಕೊಟ್ಟು ಬಂದ್ಳು. ಇವತ್ತಿಗೆ ಹನ್ನೊಂದು ದಿನ. ದಿನಾ ಸಂಜೆ ಫೋನ್ ಮಾಡಿ "ಏನಾದ್ರೂ ಬಂತಾ ಮರೀ" ಅಂತ ಕೇಳ್ತೀನಿ. "ಇಲ್ಲ ಮಾಮ" ಅಂತಾಳೆ. ಬಂದ ದಿನ ಆ ಉತ್ತರಾನ ಇಲ್ಲೇ ಕೂತು ಓದ್ತೀನಿ. ನಮಸ್ಕಾರ.